ಕೊನೆಯ ಕ್ರಿಯೆ ಯಾವುದು? ಸೈನ್, ಕಾಸ್ ಫಲನಗಳ ಅವಕಲನ ಮಾಡುವ ಬಗೆ

ದ್ವಿತೀಯ ಪಿಯುಸಿಯಲ್ಲಿ ಅವಕಲನದ (ಡಿಫರೆನ್ಸಿಯೇಷನ್) ಪಾಠ ಆರಂಭವಾದ ಮೇಲೆ ನನ್ನ ಮೇಜಿನ ಬಳಿ ಬರುವ ಮಕ್ಕಳ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೇಡಂ, ಇದಕ್ಕೆ ಪ್ರಾಡಕ್ಟ್ ರೂಲ್ ಹಾಕಬೇಕೋ, ಚೈನ್ ರೂಲ್ ಹಾಕಬೇಕೋ?” ಕೇಳುವವರಿಗೆ ಎರಡು ಸೂತ್ರಗಳೂ ಬಾಯಿಪಾಠವಾಗಿರುತ್ತವೆ. ಸೈನ್‌ನ ಡೆರಿವೇಟಿವ್ ಕಾಸ್ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತೊಡಕಿರುವುದು ಸೂತ್ರದಲ್ಲಲ್ಲ, ಲೆಕ್ಕವನ್ನು ಓದುವುದರಲ್ಲಿ. ಮೊದಲ ಸಾಲು ಸರಿಯಾಗಿ ಬಿದ್ದರೆ ಉಳಿದದ್ದು ತಾನಾಗಿ ನಡೆಯುತ್ತದೆ.

ನಾನು ಹಾಸನ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ತರಗತಿಯ ಬಹುಪಾಲು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಇಂಗ್ಲಿಷ್ ಪಠ್ಯಪುಸ್ತಕವನ್ನು ಎದುರಿಸುವವರು. ಪುಸ್ತಕದಲ್ಲಿ ‘ಎಫ್ ಆಫ್ ಜಿ ಆಫ್ ಎಕ್ಸ್’ ಎಂಬ ರೂಪದಲ್ಲಿರುವ ನಿಯಮವನ್ನು ಅವರು ನಕಲು ಮಾಡಿಕೊಳ್ಳುತ್ತಾರೆ, ಆದರೆ ಅದು ಏನು ಹೇಳುತ್ತಿದೆ ಎಂದು ಕೇಳುವ ಧೈರ್ಯ ಬಹಳ ಮಂದಿಗೆ ಬರುವುದಿಲ್ಲ. ಅವರಿಗಾಗಿ, ಕರಿಹಲಗೆಯ ಮುಂದೆ ನಾನು ಹೇಳುವ ಕ್ರಮದಲ್ಲಿಯೇ ಇದನ್ನು ಬರೆದಿದ್ದೇನೆ. ಲೆಕ್ಕಗಳನ್ನು ಬಾಯಲ್ಲಿ ಓದುವಂತೆಯೇ ಬರೆಯುತ್ತೇನೆ: ಎಕ್ಸ್, ಸೈನ್ ಎಕ್ಸ್, ಕಾಸ್ ಎಕ್ಸ್. ಮೇಲೆ ಹಾಕಿದ ಸಣ್ಣ ಗೆರೆ (′) ಡೆರಿವೇಟಿವ್‌ನ ಗುರುತು. ಎಕ್ಸ್ ಬದಲಾದಂತೆ ಫಲನ (ಫಂಕ್ಷನ್) ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದೇ ಡೆರಿವೇಟಿವ್, ಅದನ್ನು ಕಂಡುಹಿಡಿಯುವುದೇ ಅವಕಲನ. ಹಾಳೆ, ಪೆನ್ಸಿಲ್ ಪಕ್ಕದಲ್ಲಿರಲಿ. ಬರೀ ಕಣ್ಣಾಡಿಸಿದರೆ ಇದು ಹತ್ತುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಈ ಮೂರನ್ನು ನೋಡಿ:

ಎಕ್ಸ್² × ಸೈನ್ ಎಕ್ಸ್
ಸೈನ್(ಎಕ್ಸ್²)
ಸೈನ್² ಎಕ್ಸ್

ಮೂರರಲ್ಲೂ ಇರುವ ಸಾಮಗ್ರಿ ಒಂದೇ: ಒಂದು ವರ್ಗ, ಒಂದು ಸೈನ್. ಆದರೂ ಮೂರೂ ಬೇರೆ ಬೇರೆ ಫಲನಗಳು. ಎಕ್ಸ್‌ಗೆ 2 ಎಂಬ ಬೆಲೆ ಕೊಟ್ಟು, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕೋನ ರೇಡಿಯನ್‌ನಲ್ಲಿರಲಿ.

ಮೊದಲನೆಯದರಲ್ಲಿ 2ರ ವರ್ಗ 4 ಬರುತ್ತದೆ. ಬೇರೆಯಾಗಿ ಸೈನ್ 2 ಕಂಡುಹಿಡಿಯುತ್ತೀರಿ, 0.909. ಕೊನೆಗೆ ಇವೆರಡನ್ನು ಗುಣಿಸುತ್ತೀರಿ, ಸುಮಾರು 3.637. ಕೊನೆಯ ಕ್ರಿಯೆ ಗುಣಾಕಾರ.

ಎರಡನೆಯದರಲ್ಲಿ ಮೊದಲು 4, ಆಮೇಲೆ ಆ 4ರ ಸೈನ್, ಅಂದರೆ −0.757. ಕೊನೆಯ ಕ್ರಿಯೆ ಸೈನ್ ತೆಗೆಯುವುದು.

ಮೂರನೆಯದರಲ್ಲಿ ಮೊದಲು ಸೈನ್ 2, ಆಮೇಲೆ ಅದರ ವರ್ಗ, 0.827. ಕೊನೆಯ ಕ್ರಿಯೆ ವರ್ಗ ಮಾಡುವುದು.

ಇಷ್ಟು ಗೊತ್ತಾದರೆ ಯಾವ ನಿಯಮ ಎಂಬುದು ತೀರ್ಮಾನವಾಯಿತು. ಕೊನೆಯ ಕ್ರಿಯೆ ಗುಣಾಕಾರವಾದರೆ ಗುಣಲಬ್ಧ ನಿಯಮದಿಂದ (ಪ್ರಾಡಕ್ಟ್ ರೂಲ್) ಆರಂಭಿಸಿ. ಬಂದ ಒಂದು ಬೆಲೆಯ ಮೇಲೆ ಸೈನ್, ಕಾಸ್, ವರ್ಗ, ಘನ, ವರ್ಗಮೂಲ ಇಂಥ ಯಾವುದಾದರೂ ಕ್ರಿಯೆ ಕೊನೆಗೆ ನಡೆಯುವುದಾದರೆ ಸರಪಳಿ ನಿಯಮದಿಂದ (ಚೈನ್ ರೂಲ್) ಆರಂಭಿಸಿ. ಕೂಡುವುದೋ ಕಳೆಯುವುದೋ ಕೊನೆಯದಾದರೆ ಪ್ರತಿ ಪದವನ್ನು ಬೇರೆಬೇರೆಯಾಗಿ ಅವಕಲನ ಮಾಡಿ. ಲೆಕ್ಕ ಮಾಡುವಾಗ ಒಳಗಿನಿಂದ ಹೊರಕ್ಕೆ ಬರುತ್ತೇವೆ, ಅವಕಲನ ಮಾಡುವಾಗ ಹೊರಗಿನಿಂದ ಒಳಕ್ಕೆ ಹೋಗುತ್ತೇವೆ. ಈ ದಿಕ್ಕು ಮನಸ್ಸಿನಲ್ಲಿ ನಿಂತರೆ ಯಾವ ಉದ್ದದ ಲೆಕ್ಕಕ್ಕೂ ಹೆದರಬೇಕಾಗಿಲ್ಲ.

ಇದನ್ನು ನಾನು ಮಕ್ಕಳಿಗೆ ಬರವಣಿಗೆಯಲ್ಲಿ ಮಾಡಿಸುವುದಿಲ್ಲ, ಬಾಯಲ್ಲಿ ಮಾಡಿಸುತ್ತೇನೆ. ಅವಕಲನ ಮಾಡದೆಯೇ, ಅಭ್ಯಾಸದ ಎಲ್ಲ ಲೆಕ್ಕಗಳಿಗೂ “ಕೊನೆಯದು ಗುಣಾಕಾರ”, “ಕೊನೆಯದು ಸೈನ್”, “ಕೊನೆಯದು ಘನ” ಎಂದಷ್ಟೇ ಹೇಳುತ್ತಾ ಹೋಗಬೇಕು. ಅವಸರದ ಹುಡುಗರಿಗೆ ಇದು ಕಾಲಹರಣವೆನಿಸುತ್ತದೆ. ಆದರೆ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸಬೇಕಾದಾಗ, ಲೆಕ್ಕವನ್ನು ನೋಡಿದ ಕೂಡಲೇ ಅದರ ಹೊರಪದರ ಕಾಣುವ ಕಣ್ಣು ಇದ್ದವರೇ ಉಳಿಯುತ್ತಾರೆ.

ಬಾಯಿಪಾಠ ಬೇಕಾದದ್ದು ಎಷ್ಟು

(ಸೈನ್ ಎಕ್ಸ್)′ = ಕಾಸ್ ಎಕ್ಸ್
(ಕಾಸ್ ಎಕ್ಸ್)′ = −ಸೈನ್ ಎಕ್ಸ್

ನನ್ನ ಪ್ರಕಾರ ಇವೆರಡೇ ಸಾಕು. ಟ್ಯಾನ್, ಸೆಕ್ ಮುಂತಾದ ನಾಲ್ಕನ್ನು ಇವುಗಳಿಂದ, ಈಗ ಕಲಿಯುತ್ತಿರುವ ನಿಯಮಗಳನ್ನೇ ಬಳಸಿ, ಹುಟ್ಟಿಸಬಹುದು. ಮುಂದೆ ತೋರಿಸುತ್ತೇನೆ.

ಮೊದಲ ಸಾಲು ಹೊಸದೇನೂ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ಸಂತೋಷವಾಗುತ್ತದೆ. ಕೋನದಲ್ಲಿ ಸ್ವಲ್ಪ ವ್ಯತ್ಯಾಸವಾದಾಗ ಜ್ಯಾದಲ್ಲಿ ಆಗುವ ವ್ಯತ್ಯಾಸ ಕೋಟಿಜ್ಯಾಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಗ್ರಂಥದಲ್ಲಿ, ಗ್ರಹಗಳ ತಾತ್ಕಾಲಿಕ ಗತಿಯನ್ನು ಕಂಡುಹಿಡಿಯಲು ಬಳಸಿದ್ದಾರೆ. ಜ್ಯಾ ಎಂದರೆ ಇಂದಿನ ಸೈನ್, ಕೋಟಿಜ್ಯಾ ಎಂದರೆ ಕಾಸ್. ನ್ಯೂಟನ್, ಲೈಬ್‌ನಿಟ್ಸ್ ಹುಟ್ಟುವುದಕ್ಕೆ ಸುಮಾರು 500 ವರ್ಷ ಮೊದಲಿನ ಮಾತು ಇದು.

ಗುಣಲಬ್ಧ ನಿಯಮ

(ಯು × ವಿ)′ = ಯು′ × ವಿ + ಯು × ವಿ′

ಒಂದನ್ನು ಅವಕಲನ ಮಾಡಿ, ಇನ್ನೊಂದನ್ನು ಹಾಗೆಯೇ ಇಡಿ. ಆಮೇಲೆ ಸರದಿ ಬದಲಿಸಿ. ಎರಡನ್ನೂ ಕೂಡಿ. ಎರಡನ್ನೂ ಅವಕಲನ ಮಾಡಿ ಗುಣಿಸಿದರಾಗದೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಕೇಳಬೇಕು ಕೂಡ. 1675ರ ನವೆಂಬರ್‌ನಲ್ಲಿ ಲೈಬ್‌ನಿಟ್ಸ್ ಅವರೇ ತಮ್ಮ ಟಿಪ್ಪಣಿಯಲ್ಲಿ ಇದೇ ಪ್ರಶ್ನೆಯನ್ನು ಹಾಕಿಕೊಂಡು, ಉದಾಹರಣೆಯಿಂದ ಪರೀಕ್ಷಿಸಿ, ಆಗದು ಎಂದು ಕಂಡುಕೊಂಡಿದ್ದರು. ಸರಿಯಾದ ನಿಯಮ 1684ರಲ್ಲಿ ಅಚ್ಚಾಯಿತು. ನೀವೂ ಎಕ್ಸ್ × ಎಕ್ಸ್ ತೆಗೆದುಕೊಂಡು ಪರೀಕ್ಷಿಸಿ. ಎರಡನ್ನೂ ಅವಕಲನ ಮಾಡಿ ಗುಣಿಸಿದರೆ 1 × 1 = 1 ಬರುತ್ತದೆ. ಎಕ್ಸ್²‌ನ ಡೆರಿವೇಟಿವ್ 2ಎಕ್ಸ್ ಎಂದು ನಮಗೆ ಮೊದಲೇ ಗೊತ್ತು. ಗುಣಲಬ್ಧ ನಿಯಮ ಹಾಕಿದರೆ 1 × ಎಕ್ಸ್ + ಎಕ್ಸ್ × 1 = 2ಎಕ್ಸ್, ಸರಿಯಾಗಿ ಬರುತ್ತದೆ.

ಈಗ ನಮ್ಮ ಮೊದಲ ಲೆಕ್ಕ, ಎಕ್ಸ್² × ಸೈನ್ ಎಕ್ಸ್. ಯು = ಎಕ್ಸ್², ಯು′ = 2ಎಕ್ಸ್. ವಿ = ಸೈನ್ ಎಕ್ಸ್, ವಿ′ = ಕಾಸ್ ಎಕ್ಸ್. ಈ ನಾಲ್ಕನ್ನು ಹಾಳೆಯ ಅಂಚಿನಲ್ಲಿ ಮೊದಲು ಬರೆದುಕೊಳ್ಳಿ. ಆಮೇಲೆ ಜೋಡಿಸಿ:

(ಎಕ್ಸ್² × ಸೈನ್ ಎಕ್ಸ್)′ = 2ಎಕ್ಸ್ × ಸೈನ್ ಎಕ್ಸ್ + ಎಕ್ಸ್² × ಕಾಸ್ ಎಕ್ಸ್

ಉತ್ತರ ಸರಿಯೇ ಎಂದು ನೋಡಲು ಯಾರನ್ನೂ ಕೇಳಬೇಕಾಗಿಲ್ಲ. ಎಕ್ಸ್ = 1 ಹಾಕಿದರೆ ಈ ಉತ್ತರದ ಬೆಲೆ 2 × 0.8415 + 0.5403, ಸುಮಾರು 2.223. ಈಗ ಮೂಲ ಫಲನಕ್ಕೆ 1 ಮತ್ತು 1.001 ಎರಡನ್ನೂ ಹಾಕಿ: 0.841471 ಮತ್ತು 0.843696. ವ್ಯತ್ಯಾಸ 0.002225. ಅದನ್ನು 0.001ರಿಂದ ಭಾಗಿಸಿದರೆ 2.225. ಎರಡೂ ಹತ್ತಿರ ಹತ್ತಿರ ಇವೆ, ಉತ್ತರವನ್ನು ನಂಬಬಹುದು. ಎರಡನ್ನೂ ಅವಕಲನ ಮಾಡಿ ಗುಣಿಸಿದವರಿಗೆ 2ಎಕ್ಸ್ × ಕಾಸ್ ಎಕ್ಸ್, ಅಂದರೆ 1.081 ಬಂದಿರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಸಿಗುವುದಿಲ್ಲ, ನಿಜ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದೇ ಇರುತ್ತದೆ. ಉತ್ತರಗಳ ಪುಟ ತೆರೆಯುವ ಮೊದಲು ಹೀಗೆ ಪರೀಕ್ಷಿಸುವ ರೂಢಿ ಮಾಡಿಕೊಂಡವರು ಗಣಿತದಲ್ಲಿ ಬೇರೆಯವರ ತೀರ್ಪಿಗೆ ಕಾಯುವುದಿಲ್ಲ. ಆ ಸ್ವಾತಂತ್ರ್ಯ ನನ್ನ ಮಕ್ಕಳಿಗೆ ಸಿಗಬೇಕೆಂದು ನನಗೆ ತುಂಬ ಆಸೆ.

ಇನ್ನೊಂದು ಲೆಕ್ಕ, ಸೈನ್ ಎಕ್ಸ್ × ಕಾಸ್ ಎಕ್ಸ್:

(ಸೈನ್ ಎಕ್ಸ್ × ಕಾಸ್ ಎಕ್ಸ್)′ = ಕಾಸ್ ಎಕ್ಸ್ × ಕಾಸ್ ಎಕ್ಸ್ + ಸೈನ್ ಎಕ್ಸ್ × (−ಸೈನ್ ಎಕ್ಸ್)
= ಕಾಸ್² ಎಕ್ಸ್ − ಸೈನ್² ಎಕ್ಸ್
= ಕಾಸ್ 2ಎಕ್ಸ್

ಈ ಉತ್ತರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇಲ್ಲಿ (−ಸೈನ್ ಎಕ್ಸ್) ಎಂಬುದನ್ನು ಆವರಣದೊಳಗೆ ಇಟ್ಟಿರುವುದನ್ನು ಗಮನಿಸಿ. ಕಾಸ್‌ನ ಋಣ ಚಿಹ್ನೆ ಕಳೆದುಹೋಗುವುದು ಆವರಣ ಹಾಕದವರ ಹಾಳೆಯಲ್ಲೇ.

ಒಂದು ಎಚ್ಚರಿಕೆ. ಎಕ್ಸ್ × ಸೈನ್(ಪೈ/6) ಎಂದು ಕೊಟ್ಟರೆ ಗುಣಲಬ್ಧ ನಿಯಮದ ಗೋಜಿಗೆ ಹೋಗಬೇಡಿ. ಸೈನ್(ಪೈ/6) ಎಂಬುದು 1/2, ಬರೀ ಒಂದು ಸಂಖ್ಯೆ. ಉತ್ತರವೂ 1/2. ಸೈನ್ ಎಂಬ ಅಕ್ಷರಗಳು ಕಂಡಕೂಡಲೇ ಕಾಸ್ ಬರೆಯಲು ಕೈ ಓಡುತ್ತದೆ, ಒಳಗೆ ಎಕ್ಸ್ ಇದೆಯೇ ಎಂದು ಮೊದಲು ನೋಡಿ.

ಸರಪಳಿ ನಿಯಮ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಅಂಕಗಳು ಕಳೆದುಹೋಗುವುದು ಇಲ್ಲಿಯೇ.

ಸೈನ್(ಎಕ್ಸ್²) ಎಂದು ದೊಡ್ಡದಾಗಿ ಬರೆಯಿರಿ. ಆವರಣದ ಒಳಗಿರುವುದನ್ನು ಹೆಬ್ಬೆರಳಿನಿಂದ ಮುಚ್ಚಿ. ಈಗ ಕಾಣುವುದು “ಯಾವುದೋ ಒಂದರ ಸೈನ್”. ಅದರ ಡೆರಿವೇಟಿವ್ “ಅದೇ ಯಾವುದೋ ಒಂದರ ಕಾಸ್”. ಬರೆಯಿರಿ, ಬೆರಳು ತೆಗೆಯಬೇಡಿ. ಕಾಸ್‌ನ ಒಳಗೆ ಬರಬೇಕಾದ್ದು ಬೆರಳಿನ ಕೆಳಗಿರುವುದೇ, ಒಂದಿಷ್ಟೂ ಬದಲಾಗದೆ. ಆಮೇಲೆ ಬೆರಳು ತೆಗೆದು, ಮುಚ್ಚಿದ್ದ ಎಕ್ಸ್²‌ನ ಡೆರಿವೇಟಿವ್ 2ಎಕ್ಸ್ ಅನ್ನು ಪಕ್ಕದಲ್ಲಿ ಗುಣಿಸಿ:

(ಸೈನ್(ಎಕ್ಸ್²))′ = ಕಾಸ್(ಎಕ್ಸ್²) × 2ಎಕ್ಸ್

ಇದರಲ್ಲಿ ಎರಡು ಹೆಜ್ಜೆಗಳಿವೆ: ಹೊರಗಿನದನ್ನು ಅವಕಲನ ಮಾಡುವಾಗ ಒಳಗಿನದನ್ನು ಮುಟ್ಟಬಾರದು. ಮುಗಿದ ಮೇಲೆ ಒಳಗಿನದರ ಡೆರಿವೇಟಿವ್‌ನಿಂದ ಗುಣಿಸಲೇಬೇಕು. ಮೊದಲನೆಯದನ್ನು ಮೀರಿದವರು ಕಾಸ್(2ಎಕ್ಸ್) ಎಂದು ಬರೆಯುತ್ತಾರೆ. ಎರಡನೆಯದನ್ನು ಮರೆತವರು ಕಾಸ್(ಎಕ್ಸ್²) ಎಂದು ನಿಲ್ಲಿಸುತ್ತಾರೆ. ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ಎರಡೂ ಬಗೆಯವರು ಇರುತ್ತಾರೆ, ಎರಡನೆಯವರು ಹೆಚ್ಚು.

ಸೈನ್² ಎಕ್ಸ್‌ನಲ್ಲಿ ಕೊನೆಯ ಕ್ರಿಯೆ ವರ್ಗ. ಅದನ್ನು (ಸೈನ್ ಎಕ್ಸ್)² ಎಂದು ಬಿಡಿಸಿ ಬರೆದುಕೊಂಡು ಆಮೇಲೆ ಮುಟ್ಟಿ. ಸೈನ್‌ನ ತಲೆಯ ಮೇಲೆ ಕುಳಿತ ಆ 2 ಕಣ್ಣನ್ನು ದಾರಿ ತಪ್ಪಿಸುತ್ತದೆ. ಆವರಣ ಹಾಕಿದರೆ ಹೊರಪದರ ಯಾವುದೆಂದು ಸ್ಪಷ್ಟವಾಗುತ್ತದೆ. ಬೆರಳಿನಿಂದ ಸೈನ್ ಎಕ್ಸ್ ಮುಚ್ಚಿ: “ಯಾವುದೋ ಒಂದರ ವರ್ಗ”. ಡೆರಿವೇಟಿವ್ “2 × ಅದೇ”. ಆಮೇಲೆ ಒಳಗಿನ ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್:

(ಸೈನ್² ಎಕ್ಸ್)′ = 2 × ಸೈನ್ ಎಕ್ಸ್ × ಕಾಸ್ ಎಕ್ಸ್ = ಸೈನ್ 2ಎಕ್ಸ್

ಮೂರು ಪದರ ಇದ್ದರೂ ಕ್ರಮ ಅದೇ. ಕಾಸ್³ 5ಎಕ್ಸ್ ತೆಗೆದುಕೊಳ್ಳಿ. ಹೊರಗೆ ಘನ, ಅದರೊಳಗೆ ಕಾಸ್, ಅದರೊಳಗೆ 5ಎಕ್ಸ್. ಘನವನ್ನು ಅವಕಲನ ಮಾಡಿದರೆ 3 ಕಾಸ್² 5ಎಕ್ಸ್. ಕಾಸ್ ಅನ್ನು ಮಾಡಿದರೆ −ಸೈನ್ 5ಎಕ್ಸ್. 5ಎಕ್ಸ್ ಅನ್ನು ಮಾಡಿದರೆ 5. ಮೂರನ್ನೂ ಗುಣಿಸಿದರೆ −15 ಕಾಸ್² 5ಎಕ್ಸ್ × ಸೈನ್ 5ಎಕ್ಸ್. ಮೂರು ಪದರಕ್ಕೆ ಮೂರು ಗುಣಕಗಳು ಬರಬೇಕು. ಬಂದಿವೆಯೇ ಎಂದು ಎಣಿಸಿ ನೋಡುವುದು ಸುಲಭದ ಕಾವಲು.

ಒಳಗಿನ ಆ ಗುಣಕ ಏಕೆ ಬರಬೇಕು? ನಮ್ಮ ಮನೆಗಳಿಗೆ ಬರುವ ವಿದ್ಯುತ್ತನ್ನೇ ನೋಡಿ. 230 ವೋಲ್ಟ್, 50 ಹರ್ಟ್ಸ್ ಎನ್ನುತ್ತೇವೆ. ಅಲೆಯ ತುದಿಯಲ್ಲಿ ವೋಲ್ಟೇಜ್ 230ರ √2 ಪಟ್ಟು, ಸುಮಾರು 325. ಸಮಯ ಟಿ ಸೆಕೆಂಡ್ ಆದಾಗ ವೋಲ್ಟೇಜ್

325 × ಸೈನ್(100 ಪೈ ಟಿ)

ಇದು ಎಷ್ಟು ವೇಗವಾಗಿ ಏರುತ್ತದೆ? ಸರಪಳಿ ನಿಯಮದಂತೆ 325 × ಕಾಸ್(100 ಪೈ ಟಿ) × 100 ಪೈ. ಟಿ = 0 ಆದಾಗ ಇದು ಸೆಕೆಂಡಿಗೆ ಸುಮಾರು 1,02,000 ವೋಲ್ಟ್. ಒಳಗಿನ 100 ಪೈ ಮರೆತವರಿಗೆ ಬರುವುದು ಸೆಕೆಂಡಿಗೆ 325 ವೋಲ್ಟ್. ಯಾವುದು ನಿಜ? 50 ಹರ್ಟ್ಸ್ ಎಂದರೆ ಒಂದು ಸುತ್ತಿಗೆ 1/50 ಸೆಕೆಂಡ್. ಸೊನ್ನೆಯಿಂದ ತುದಿಗೇರಲು ಅದರ ಕಾಲುಭಾಗ, 1/200 ಸೆಕೆಂಡ್. ಅಷ್ಟರಲ್ಲಿ 325 ವೋಲ್ಟ್ ಏರಬೇಕಾದರೆ ಸರಾಸರಿ ವೇಗವೇ ಸೆಕೆಂಡಿಗೆ 65,000 ವೋಲ್ಟ್. ಆರಂಭದಲ್ಲಿ ಏರಿಕೆ ಕಡಿದಾಗಿರುವುದರಿಂದ ವೇಗ ಅದಕ್ಕಿಂತಲೂ ಹೆಚ್ಚಿರಬೇಕು. 1,02,000 ಸರಿಹೊಂದುತ್ತದೆ, 325 ಎಲ್ಲಿಯೂ ಹೊಂದುವುದಿಲ್ಲ. ಒಳಗಿರುವುದು ಎಷ್ಟು ಬೇಗ ಬದಲಾಗುತ್ತಿದೆಯೋ ಅಷ್ಟು ಪಟ್ಟು ಹೊರಗಿನದರ ಬದಲಾವಣೆಯೂ ಹೆಚ್ಚುತ್ತದೆ. ಒಳಗಿನ ಗುಣಕದ ಅರ್ಥ ಇದೇ.

ರೇಡಿಯನ್ ಏಕೆ ಬೇಕು ಎಂಬುದಕ್ಕೂ ಉತ್ತರ ಸರಪಳಿ ನಿಯಮದಲ್ಲಿದೆ. ಎಕ್ಸ್ ಡಿಗ್ರಿ ಎಂದರೆ ಪೈ × ಎಕ್ಸ್/180 ರೇಡಿಯನ್. ಹಾಗಾಗಿ ಎಕ್ಸ್ ಡಿಗ್ರಿಯ ಸೈನ್‌ನ ಡೆರಿವೇಟಿವ್ ಬರೀ ಕಾಸ್ ಅಲ್ಲ, ಅದರ ಜೊತೆಗೆ ಒಳಗಿನ ಪೈ/180 ಬರುತ್ತದೆ. 30 ಡಿಗ್ರಿಯ ಸೈನ್ 0.5, 31 ಡಿಗ್ರಿಯದು 0.51504. ವ್ಯತ್ಯಾಸ 0.01504. ಕಾಸ್ 30 ಡಿಗ್ರಿ 0.866, ಅದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವೇ ಕಾಣುವುದಿಲ್ಲ. ಪೈ/180, ಅಂದರೆ 0.01745ರಿಂದ ಗುಣಿಸಿ: 0.01511. ಈಗ ಹತ್ತಿರ ಬಂತು. ಮೊಬೈಲ್‌ನಲ್ಲಿ ಉತ್ತರ ಪರೀಕ್ಷಿಸುವಾಗ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಸರಿಯಾದ ಉತ್ತರವೂ ತಪ್ಪೆಂದು ತೋರುತ್ತದೆ. ಮೊದಲು ಅದನ್ನು ರೇಡಿಯನ್‌ಗೆ ಬದಲಿಸಿ.

ಎರಡೂ ಒಟ್ಟಿಗೆ ಬಂದಾಗ

ಎಕ್ಸ್² × ಸೈನ್ 3ಎಕ್ಸ್. ಕೊನೆಯ ಕ್ರಿಯೆ ಗುಣಾಕಾರ, ಆದ್ದರಿಂದ ಗುಣಲಬ್ಧ ನಿಯಮದಿಂದ ಆರಂಭ. ಅಂಚಿನಲ್ಲಿ ಯು, ಯು′, ವಿ, ವಿ′ ಬರೆಯುವಾಗ ವಿ′ಗೆ ಸರಪಳಿ ನಿಯಮ ಬೇಕಾಗುತ್ತದೆ: ವಿ = ಸೈನ್ 3ಎಕ್ಸ್, ವಿ′ = 3 ಕಾಸ್ 3ಎಕ್ಸ್. ಉತ್ತರ:

2ಎಕ್ಸ್ × ಸೈನ್ 3ಎಕ್ಸ್ + 3ಎಕ್ಸ್² × ಕಾಸ್ 3ಎಕ್ಸ್

ಈಗ ತಿರುವುಮುರುವಾದ ಒಂದು: ಸೈನ್(ಎಕ್ಸ್ × ಕಾಸ್ ಎಕ್ಸ್). ಗುಣಾಕಾರ ಇದೆ, ಆದರೆ ಅದು ಒಳಗಿದೆ. ಕೊನೆಯ ಕ್ರಿಯೆ ಸೈನ್. ಹೆಬ್ಬೆರಳಿನಿಂದ ಒಳಗಿನ ಗುಣಾಕಾರವನ್ನೆಲ್ಲ ಮುಚ್ಚಿ ಹೊರಗಿನದನ್ನು ಬರೆಯಿರಿ, ಕಾಸ್(ಎಕ್ಸ್ × ಕಾಸ್ ಎಕ್ಸ್). ಒಳಗಿನದರ ಡೆರಿವೇಟಿವ್‌ಗೆ ಗುಣಲಬ್ಧ ನಿಯಮ: 1 × ಕಾಸ್ ಎಕ್ಸ್ + ಎಕ್ಸ್ × (−ಸೈನ್ ಎಕ್ಸ್). ಒಟ್ಟಾರೆ:

ಕಾಸ್(ಎಕ್ಸ್ × ಕಾಸ್ ಎಕ್ಸ್) × (ಕಾಸ್ ಎಕ್ಸ್ − ಎಕ್ಸ್ × ಸೈನ್ ಎಕ್ಸ್)

ಕೊನೆಯ ಆವರಣವನ್ನು ಬಿಟ್ಟರೆ ಮೊದಲ ಗುಣಕ ಕಾಸ್ ಎಕ್ಸ್‌ಗೆ ಮಾತ್ರ ಅಂಟಿಕೊಂಡು, ಎಕ್ಸ್ ಸೈನ್ ಎಕ್ಸ್ ಒಂಟಿಯಾಗಿ ಉಳಿಯುತ್ತದೆ. ಎಲ್ಲ ಹೆಜ್ಜೆಗಳೂ ಸರಿಯಾಗಿದ್ದು ಆವರಣ ಒಂದರಿಂದ ಉತ್ತರ ಹಾಳಾಗುವುದನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸರಪಳಿ ನಿಯಮದಿಂದ ಹೊರಬಂದ ಪ್ರತಿ ಗುಣಕಕ್ಕೂ, ಅದರಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿದ್ದರೆ, ಯೋಚಿಸದೆ ಆವರಣ ಹಾಕಿ.

ಟ್ಯಾನ್‌ನ ಮಾತು ಬಾಕಿ ಇತ್ತು. ಟ್ಯಾನ್ ಎಕ್ಸ್ ಎಂದರೆ ಸೈನ್ ಎಕ್ಸ್ ಅನ್ನು ಕಾಸ್ ಎಕ್ಸ್‌ನಿಂದ ಭಾಗಿಸುವುದು. ಭಾಗಾಕಾರಕ್ಕೆ ಬೇರೆ ನಿಯಮವಿದೆ, ಆದರೆ ಅದರಲ್ಲಿ ಅಂಶದ ಪದಗಳ ಕ್ರಮ ತಪ್ಪುವವರು ಬಹಳ. ಅದು ಇಲ್ಲದೆಯೂ ನಡೆಯುತ್ತದೆ. ಟ್ಯಾನ್ ಎಕ್ಸ್ = ಸೈನ್ ಎಕ್ಸ್ × (ಕಾಸ್ ಎಕ್ಸ್)⁻¹ ಎಂದು ಬರೆಯಿರಿ. ಹೊರಗೆ ಗುಣಾಕಾರ, ಎರಡನೆಯ ಗುಣಕದಲ್ಲಿ ಸರಪಳಿ. ಮೊದಲ ಭಾಗ: ಕಾಸ್ ಎಕ್ಸ್ × (ಕಾಸ್ ಎಕ್ಸ್)⁻¹ = 1. ಎರಡನೆಯ ಭಾಗ: ಸೈನ್ ಎಕ್ಸ್ × (−1) × (ಕಾಸ್ ಎಕ್ಸ್)⁻² × (−ಸೈನ್ ಎಕ್ಸ್). ಎರಡು ಋಣ ಚಿಹ್ನೆಗಳು ಸೇರಿ ಧನವಾಗಿ ಟ್ಯಾನ್² ಎಕ್ಸ್ ಉಳಿಯುತ್ತದೆ. ಒಟ್ಟು 1 + ಟ್ಯಾನ್² ಎಕ್ಸ್, ಅಂದರೆ ಸೆಕ್² ಎಕ್ಸ್. ಸೆಕ್ ಎಕ್ಸ್ = (ಕಾಸ್ ಎಕ್ಸ್)⁻¹ ಇನ್ನೂ ಸುಲಭ, ಸೆಕ್ ಎಕ್ಸ್ × ಟ್ಯಾನ್ ಎಕ್ಸ್ ಬರುತ್ತದೆ. ಕಾಟ್, ಕೊಸೆಕ್ ಎರಡನ್ನೂ ನೀವೇ ಮಾಡಿ. ಎರಡಕ್ಕೂ ಋಣ ಚಿಹ್ನೆ ಬರಬೇಕು.

ನನಗೆ ಇಷ್ಟವಾದ ಲೆಕ್ಕ

ಪಿಯುಸಿಯ ಮಕ್ಕಳಿಗೆ ನಾನು ಬಿಡದೆ ಮಾಡಿಸುವ ಲೆಕ್ಕ ಒಂದಿದೆ: ಸೈನ್³ ಎಕ್ಸ್ × ಕಾಸ್ 3ಎಕ್ಸ್. ಎರಡು ನಿಯಮಗಳೂ, ಪ್ರಥಮ ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿಯೂ ಇದರಲ್ಲಿ ಕೆಲಸಕ್ಕೆ ಬರುತ್ತವೆ.

ಕೊನೆಯ ಕ್ರಿಯೆ ಗುಣಾಕಾರ. ಅಂಚಿನಲ್ಲಿ:

ಯು = (ಸೈನ್ ಎಕ್ಸ್)³, ಯು′ = 3 ಸೈನ್² ಎಕ್ಸ್ × ಕಾಸ್ ಎಕ್ಸ್
ವಿ = ಕಾಸ್ 3ಎಕ್ಸ್, ವಿ′ = −3 ಸೈನ್ 3ಎಕ್ಸ್

ಜೋಡಿಸಿದರೆ:

3 ಸೈನ್² ಎಕ್ಸ್ × ಕಾಸ್ ಎಕ್ಸ್ × ಕಾಸ್ 3ಎಕ್ಸ್ − 3 ಸೈನ್³ ಎಕ್ಸ್ × ಸೈನ್ 3ಎಕ್ಸ್

ಅವಕಲನ ಇಲ್ಲಿಗೆ ಮುಗಿಯಿತು. ಆದರೆ ಪೆನ್ನು ಕೆಳಗಿಡಬೇಡಿ. ಎರಡು ಪದಗಳಲ್ಲೂ 3 ಸೈನ್² ಎಕ್ಸ್ ಇದೆ. ಅದನ್ನು ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆಯಿರಿ:

3 ಸೈನ್² ಎಕ್ಸ್ × (ಕಾಸ್ ಎಕ್ಸ್ × ಕಾಸ್ 3ಎಕ್ಸ್ − ಸೈನ್ ಎಕ್ಸ್ × ಸೈನ್ 3ಎಕ್ಸ್)

ಆವರಣದ ಒಳಗಿರುವುದು ಎರಡು ಕೋನಗಳ ಮೊತ್ತದ ಕಾಸ್ ಸೂತ್ರ. ಎಕ್ಸ್ ಮತ್ತು 3ಎಕ್ಸ್ ಕೂಡಿದರೆ 4ಎಕ್ಸ್. ಆದ್ದರಿಂದ:

(ಸೈನ್³ ಎಕ್ಸ್ × ಕಾಸ್ 3ಎಕ್ಸ್)′ = 3 ಸೈನ್² ಎಕ್ಸ್ × ಕಾಸ್ 4ಎಕ್ಸ್

ಎರಡು ಸಾಲು ಉದ್ದದ ಗೋಜಲು ಇಷ್ಟು ಚಿಕ್ಕದಾಗುವುದನ್ನು ಹಲಗೆಯ ಮೇಲೆ ನೋಡಿದಾಗ ಹಿಂದಿನ ಬೆಂಚಿನಲ್ಲೂ ತಲೆಗಳು ಮೇಲೇಳುತ್ತವೆ. ಪರೀಕ್ಷಿಸಿ ನೋಡೋಣ: ಎಕ್ಸ್ = ಪೈ/6 ಆದಾಗ ಉತ್ತರ 3 × 1/4 × (−1/2) = −0.375. ಮೂಲ ಫಲನ ಅಲ್ಲಿ ಸೊನ್ನೆ, 0.001 ಮುಂದೆ ಹೋದರೆ −0.000377. ಭಾಗಿಸಿದರೆ −0.377, ಸರಿಯಿದೆ.

ಈಗ ಹಿಂದಿನ ಸೈನ್ ಎಕ್ಸ್ × ಕಾಸ್ ಎಕ್ಸ್ ನೆನಪಿಸಿಕೊಳ್ಳಿ, ಉತ್ತರ ಕಾಸ್ 2ಎಕ್ಸ್ ಬಂದಿತ್ತು. ಘಾತ 1 ಆದಾಗ ಕಾಸ್ 2ಎಕ್ಸ್, ಘಾತ 3 ಆದಾಗ ಕಾಸ್ 4ಎಕ್ಸ್. ಹಾಗಾದರೆ ಘಾತ 2 ಆದಾಗ? ಸೈನ್² ಎಕ್ಸ್ × ಕಾಸ್ 2ಎಕ್ಸ್ ಮಾಡಿ ನೋಡಿದರೆ 2 ಸೈನ್ ಎಕ್ಸ್ × ಕಾಸ್ 3ಎಕ್ಸ್ ಬರುತ್ತದೆ. ಘಾತ ಯಾವುದೇ ಧನ ಪೂರ್ಣಾಂಕ ಎನ್ ಆಗಿರಲಿ, ಅದೇ ಹೆಜ್ಜೆಗಳಿಂದ, ^ ಗುರುತನ್ನು ಘಾತಕ್ಕೆ ಬಳಸಿ ಬರೆದರೆ:

((ಸೈನ್ ಎಕ್ಸ್)^ಎನ್ × ಕಾಸ್ ಎನ್ಎಕ್ಸ್)′ = ಎನ್ × (ಸೈನ್ ಎಕ್ಸ್)^(ಎನ್−1) × ಕಾಸ್(ಎನ್+1)ಎಕ್ಸ್

ಇದನ್ನು ಬಾಯಿಪಾಠ ಮಾಡಬೇಡಿ. 3 ಇದ್ದಲ್ಲೆಲ್ಲ ಎನ್ ಹಾಕಿ ಮೇಲಿನ ಐದು ಸಾಲುಗಳನ್ನು ಇನ್ನೊಮ್ಮೆ ಬರೆಯಿರಿ, ತಾನಾಗಿ ಬರುತ್ತದೆ.

ಅಭ್ಯಾಸಕ್ಕೆ

ಪ್ರತಿಯೊಂದಕ್ಕೂ ಮೊದಲು ಕೊನೆಯ ಕ್ರಿಯೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯಿರಿ.

ಎಕ್ಸ್ × ಟ್ಯಾನ್ ಎಕ್ಸ್. ಉತ್ತರ: ಟ್ಯಾನ್ ಎಕ್ಸ್ + ಎಕ್ಸ್ × ಸೆಕ್² ಎಕ್ಸ್.

ಸೈನ್(ಕಾಸ್ ಎಕ್ಸ್). ಇದನ್ನು ಸೈನ್ ಎಕ್ಸ್ × ಕಾಸ್ ಎಕ್ಸ್ ಎಂದು ಓದಿಕೊಳ್ಳುವವರಿದ್ದಾರೆ. ಇಲ್ಲಿ ಗುಣಾಕಾರವೇ ಇಲ್ಲ. ಉತ್ತರ: −ಸೈನ್ ಎಕ್ಸ್ × ಕಾಸ್(ಕಾಸ್ ಎಕ್ಸ್).

ಎಕ್ಸ್³ × ಕಾಸ್² 2ಎಕ್ಸ್. ಗುಣಲಬ್ಧದ ಒಳಗೆ ಮೂರು ಪದರದ ಸರಪಳಿ. ಉತ್ತರ: 3ಎಕ್ಸ್² × ಕಾಸ್² 2ಎಕ್ಸ್ − 4ಎಕ್ಸ್³ × ಕಾಸ್ 2ಎಕ್ಸ್ × ಸೈನ್ 2ಎಕ್ಸ್. ಎರಡನೆಯ ಪದವನ್ನು −2ಎಕ್ಸ್³ × ಸೈನ್ 4ಎಕ್ಸ್ ಎಂದು ಚಿಕ್ಕದಾಗಿಸಬಹುದು.

(ಎಕ್ಸ್ × ಸೈನ್ ಎಕ್ಸ್)ರ ವರ್ಗಮೂಲ. ಕೊನೆಯ ಕ್ರಿಯೆ ವರ್ಗಮೂಲ, ಅಂದರೆ ಘಾತ 1/2. ಉತ್ತರದ ಅಂಶದಲ್ಲಿ ಸೈನ್ ಎಕ್ಸ್ + ಎಕ್ಸ್ × ಕಾಸ್ ಎಕ್ಸ್, ಛೇದದಲ್ಲಿ ಮೂಲ ಫಲನದ ಎರಡು ಪಟ್ಟು.

ಕೊನೆಯದು, (ಕಾಸ್ ಎಕ್ಸ್)^ಎನ್ × ಕಾಸ್ ಎನ್ಎಕ್ಸ್. ಮೇಲಿನ ಲೆಕ್ಕದ ಜೋಡಿ ಇದು. ಸಾಮಾನ್ಯ ಅಪವರ್ತನ ತೆಗೆದ ಮೇಲೆ ಆವರಣದಲ್ಲಿ ಈ ಬಾರಿ ಸೈನ್‌ನ ಮೊತ್ತದ ಸೂತ್ರ ಕಾಣಿಸುತ್ತದೆ. ಉತ್ತರ: −ಎನ್ × (ಕಾಸ್ ಎಕ್ಸ್)^(ಎನ್−1) × ಸೈನ್(ಎನ್+1)ಎಕ್ಸ್. ಎನ್ = 1 ಹಾಕಿದರೆ ಕಾಸ್² ಎಕ್ಸ್‌ನ ಡೆರಿವೇಟಿವ್ −ಸೈನ್ 2ಎಕ್ಸ್ ಬರಬೇಕು. ನಿಮ್ಮ ಹಾಳೆಯಲ್ಲಿ ಬಂದಿದೆಯೇ ನೋಡಿ.